ನನ್ನ ಹೆಂಡತಿಗೆ ಎಲ್ಲವನ್ನೂ ಬಿಡಿಸಿ ಹೇಳಿದ ಸಿಸ್ಟರ್ ಶರಣಮ್ಮನವರಿಗೆ

ಮಾನ್ಯರೇ,

ಹೂಡಿ ಹಳೇ ಊರಿನ ಗೋಪಾಲಪ್ಪನಾದ ನಾನು, ಕ್ಯಾನ್ಸರ್ ವಿಭಾಗದಲ್ಲಿ ತಾವು ಸಲ್ಲಿಸುತ್ತಿರುವ ಸೇವೆಗೆ ಮೊದಲು ಕೈಮುಗಿದು, ಅದೇ ಕೈಯಿಂದ ಈ ದೂರನ್ನು ಪೇಪರಿನಲ್ಲಿ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ಮೂವತ್ತೊಂದು ವರ್ಷಗಳಿಂದ ನಮ್ಮ ಮನೆಯಲ್ಲಿ ಪ್ರಶ್ನೆ ಯಾರಿಗೇ ಬರಲಿ, ಉತ್ತರ ಕೊಡುವವನು ನಾನು. ನನ್ನ ಹೆಂಡತಿ ಅನುಸೂಯಮ್ಮ ‘ನಿಮ್ಮಿಷ್ಟ’ ಎಂದಷ್ಟೇ ಹೇಳಿ ಕಾಫಿಗೆ ಹಾಲಿಡುತ್ತಿದ್ದಳು. ಹೀಗಿರುವಾಗ ಅವಳ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದಾಯಿತು. ಗಂಟನ್ನಷ್ಟೇ ತೆಗೆದು ಮೂರು ವಾರ ರೇಡಿಯೇಷನ್ ಕೊಡಬಹುದು, ಇಲ್ಲವೇ ಸ್ತನವನ್ನೇ ತೆಗೆಯಬಹುದು, ಇವರ ಮಟ್ಟಿಗೆ ಆಯುಸ್ಸಿನಲ್ಲಿ ವ್ಯತ್ಯಾಸವಾಗದು, ಯೋಚಿಸಿ ಹೇಳಿ ಎಂದರು ಡಾಕ್ಟರು. ನಾನು ಯೋಚಿಸಲಿಲ್ಲ. ಪೂರ್ತಿ ತೆಗೆದುಬಿಡಿ ಎಂದೆ. ಅವರು ಏನೂ ಬರೆದುಕೊಳ್ಳದೆ ನಮ್ಮಿಬ್ಬರನ್ನೂ ತಾವಿದ್ದ ಕೋಣೆಗೆ ಕಳಿಸಿದರು.

ತಾವು ಅವಳೆದುರು ಕುರ್ಚಿ ಎಳೆದುಕೊಂಡು ಕೂತು, “ನಿಮ್ಗೆ ಏನರ್ಥ ಆಗಿದೆ, ನಿಮ್ ಮಾತಲ್ಲೇ ಹೇಳಿ ಅಮ್ಮ” ಎಂದಿರಿ. ವಾಡಿಕೆಯಂತೆ ನಾನು ಬಾಯಿ ತೆರೆದೆ. “ಯಜಮಾನ್ರೇ, ಮೊದ್ಲು ಅವ್ರು ಹೇಳ್ಲಿ” ಎಂದು ಅಷ್ಟೇ ನಯವಾಗಿ ಮುಚ್ಚಿಸಿದಿರಿ. ಹಾಳೆಯ ಮೇಲೆ ಚಿತ್ರ ಬರೆದು, ಎಲ್ಲಿ ಕೊಯ್ಯುತ್ತಾರೆ, ನೋವು ಎಷ್ಟು ದಿನ, ಎಷ್ಟು ಸಲ ಬರಬೇಕು, ಎಲ್ಲವನ್ನೂ ತಿಳಿಸಿದಿರಿ. ಅವಳು ಕೇಳಿದ್ದನ್ನೇ ಮೂರು ಸಲ ಕೇಳಿದರೂ ತಮ್ಮ ಮುಖ ಗಂಟಾಗಲಿಲ್ಲ. ಇಂಥ ಸಹನೆ ಉಳಿದ ಕಚೇರಿಗಳಿಗೂ ಅಂಟಿಕೊಂಡರೆ ನಾಡಿನ ಗತಿಯೇನೆಂದು ತಾವು ಯೋಚಿಸಿದಂತಿಲ್ಲ.

“ಕೈ ಮೇಲೆತ್ತಕ್ಕಾಗತ್ತಾ ಸಿಸ್ಟರ್? ತಲೆ ನಾನೇ ಬಾಚ್ಕೋಬೇಕು” ಎಂದಳು. ಅದಕ್ಕೂ ವ್ಯಾಯಾಮ ತೋರಿಸಿದಿರಿ. ಆಮೇಲೆ ಅವಳು ನನ್ನತ್ತ ತಿರುಗಿ, “ಗಂಟು ಮಾತ್ರ ತೆಗೀಲಿ ಕಣ್ರೀ. ಮೈ ನಂದಲ್ವಾ” ಎಂದಳು.

“ಮತ್ತೆ ಬಂದ್ರೆ?” ಎಂದೆ. ತಾವು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು, “ಈಗ ನೀವ್ ಹೇಳಿ, ಏನು ಭಯ?” ಎಂದಿರಿ. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅತ್ತುಬಿಟ್ಟೆ. ಕಾಯಿಲೆಯವಳೇ ಸೆರಗಿನಿಂದ ನನ್ನ ಕಣ್ಣೊರೆಸಿದಳು. “ಎರಡ್ರಲ್ಲೂ ಸ್ವಲ್ಪ ಸಾಧ್ಯತೆ ಇದ್ದೇ ಇರತ್ತೆ, ಅದಕ್ಕೇ ತಪಾಸಣೆಗೆ ಕರೀತಾ ಇರ್ತೀವಿ” ಎಂದು ಸುಳ್ಳು ಧೈರ್ಯವನ್ನೂ ಕೊಡದೆ ಕಳಿಸಿದಿರಿ.

ಆಪರೇಷನ್ ಚೆನ್ನಾಗಾಯಿತು. ಮನೆ ಮಾತ್ರ ಕೆಟ್ಟಿತು. ನಲ್ಲಿ ರಿಪೇರಿಗೆ ಬಂದವನಿಗೂ “ಎಷ್ಟು ದಾರಿ ಇದೆ, ಎಲ್ಲಾ ಬಿಡ್ಸಿ ಹೇಳಪ್ಪ” ಎನ್ನುತ್ತಾಳೆ. ಅವನು ಕೂತು ಹೇಳುತ್ತಾನೆ. ಆದಕಾರಣ ಅವಳ ಹಳೆಯ ‘ನಿಮ್ಮಿಷ್ಟ’ವನ್ನು ತಮ್ಮ ಕೋಣೆಯಲ್ಲಿ ಹುಡುಕಿಸಿ ಹಿಂದಿರುಗಿಸಬೇಕು, ಸಿಗದಿದ್ದರೆ ಹುಡುಕುವ ತೊಂದರೆ ತೆಗೆದುಕೊಳ್ಳದಿದ್ದರೂ ನಡೆಯುತ್ತದೆ.

ತಮ್ಮಿಂದ ಅಧಿಕಾರ ಕಳೆದುಕೊಂಡರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಗೋಪಾಲಪ್ಪ

ವಿ.ಸೂ.: ಸೋಮವಾರದಿಂದ ರೇಡಿಯೇಷನ್ನಿಗೆ ಮೆಟ್ರೋದಲ್ಲಿ ಒಬ್ಬಳೇ ಬರುತ್ತಾಳಂತೆ. ಹಿಂದಿನ ಬೋಗಿಯಲ್ಲಿ ನಾನಿರುತ್ತೇನೆ. ಪೇಪರು ಓದುವ ಕೆಲಸವೊಂದು ಇನ್ನೂ ನನ್ನ ಕೈಯಲ್ಲೇ ಇರುವುದರಿಂದ ಈ ವಿಷಯ ಅವಳಿಗೆ ತಿಳಿಯದು. ತಾವಾಗಿ ವಿವರಿಸಲು ಹೋಗಬೇಡಿ.