ಇತಿಹಾಸದ ಮೇಡಂ ತಂದ ಅಂಕಪಟ್ಟಿಗಳು

ನಮ್ಮ ಕಾಲೇಜಿನ ಇತಿಹಾಸದ ಮೇಡಂ ತಮ್ಮ ಇಡೀ ಸರ್ವಿಸಿನಲ್ಲಿ ಒಬ್ಬ ವಿದ್ಯಾರ್ಥಿಗೂ ಸೊನ್ನೆ ಕೊಟ್ಟವರಲ್ಲ. ಎಂಥ ಉದಾರಿ ಎಂದು ನೀವು ಕೈಮುಗಿಯುವ ಮೊದಲೇ ಹೇಳಿಬಿಡುತ್ತೇನೆ: ಒಂದು, ಒಂದೂವರೆ, ಎರಡು, ಇವನ್ನು ಧಾರಾಳವಾಗಿ ಕೊಟ್ಟಿದ್ದಾರೆ. "ಏನೂ ಗೊತ್ತಿಲ್ದೆ ಒಂದು ಗಂಟೆ ಕೂತು ಬರೆದಿದಾನಲ್ಲ, ಆ ಧೈರ್ಯಕ್ಕೆ ಒಂದು" ಎನ್ನುವುದು ಅವರ ಲೆಕ್ಕ. ಅವರು ಸಾಗರಕ್ಕೆ ವರ್ಗವಾಗಿ ಹೋಗಿ ಒಂದು ವರ್ಷವಾಗುತ್ತ ಬಂತು. ತೀರ್ಥಹಳ್ಳಿಯ ನಮ್ಮ ಕಾಲೇಜಿನಲ್ಲಿ ಈಗ ಎಲ್ಲ ಕೆಲಸವೂ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಅದೇ ನನ್ನ ಸಂಕಟ.

ನಾನು ಕಂಪ್ಯೂಟರ್ ಪಾಠ ಮಾಡುವವನು. ಬಯಲುಸೀಮೆಯಿಂದ ಬಂದು ಇಲ್ಲಿ ಸೇರಿದ ವಾರವೇ, ಎಲ್ಲ ವಿಷಯಗಳ ಆಂತರಿಕ ಅಂಕಗಳನ್ನು ಆನ್‌ಲೈನಿಗೆ ಏರಿಸುವ ಕೆಲಸವನ್ನು ಪ್ರಿನ್ಸಿಪಾಲರು ನನಗೆ ಅಂಟಿಸಿದರು. ಕಷ್ಟದ್ದೇನಲ್ಲ. ಅಧ್ಯಾಪಕರು ಎಕ್ಸೆಲ್ ಹಾಳೆಯ ಒಂದು ಕಾಲಂನಲ್ಲಿ ರಿಜಿಸ್ಟರ್ ನಂಬರು, ಪಕ್ಕದ ಕಾಲಂನಲ್ಲಿ ಅಂಕ ತುಂಬಿ ಕೊಡಬೇಕು. ನಾನು ಆ ಫೈಲನ್ನು ಇಂಪೋರ್ಟ್ ಮಾಡಿದರೆ ವೆಬ್‌ಸೈಟು ನಂಬರು ನೋಡಿಕೊಂಡು ಯಾರ ಅಂಕ ಯಾರಿಗೋ ಅವರಿಗೆ ಸೇರಿಸುತ್ತದೆ. ನಾಲ್ಕು ನಿಮಿಷದ ಕೆಲಸ. ಮೇಡಂ ಫೈಲಿಗೆ ಮಾತ್ರ ನಾಲ್ಕು ದಿನ.

ಅವರ ಮೊದಲ ಫೈಲು ತೆರೆದಾಗ ನಾನು ಬೇರೆ ಯಾವುದೋ ತೆರೆದೆನೇನೋ ಅಂದುಕೊಂಡೆ. ರಿಜಿಸ್ಟರ್ ನಂಬರು ಒಂದೂ ಇರಲಿಲ್ಲ. 'ಪೂರ್ಣಿಮಾ ರಿಪ್ಪನ್‌ಪೇಟೆ', 'ಪೂರ್ಣಿಮಾ ಆಗುಂಬೆ', 'ಕನ್ನಡಕದ ಪೂರ್ಣಿಮಾ' ಎಂದು ಹೆಸರುಗಳಿದ್ದವು, ಅದೂ ಕ್ಲಾಸಿನಲ್ಲಿ ಬೆಂಚು ಹಾಕಿದ ಕ್ರಮದಲ್ಲಿ. ಅಂಕದ ಕಾಲಂನಲ್ಲಿ '31, ಅಕ್ಷರ ಸುಧಾರಿಸಿದೆ' ಎಂದಿತ್ತು.

"ಮೇಡಂ, ಇದನ್ನು ಕಂಪ್ಯೂಟರ್ ತಗೊಳ್ಳಲ್ಲ. ಅದು ಅಂಕಿ ಮಾತ್ರ ಓದುತ್ತೆ."

"ಅಕ್ಷರ ಓದೋಕೆ ಬರಲ್ವಾ ಅದಕ್ಕೆ?"

"ಇಲ್ಲ."

"ಪಾಪ. ನೀವು ಸ್ವಲ್ಪ ಕಲಿಸಿ ಮಾರಾಯ್ರೆ" ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು: "ಇಂಪೋರ್ಟು ಎಕ್ಸ್‌ಪೋರ್ಟು ಅಂತ ಬಂದವ್ರೇ ಕೊನೆಗೆ ರಾಜ್ಯ ಹಿಡ್ಕೊಂಡಿದ್ದು. ಹುಷಾರಾಗಿರಿ."

ನಾನು ಹುಷಾರಾಗಿರಲಿಲ್ಲ. ಅವರ ಪಟ್ಟಿಗೆ ನಂಬರು ಹಚ್ಚುವ ಆತುರದಲ್ಲಿ ಹೆಸರಿನ ಕಾಲಂ ಒಂದನ್ನೇ ಆಯ್ದು ಅಕಾರಾದಿಯಾಗಿ ಜೋಡಿಸಿಬಿಟ್ಟೆ. ಹೆಸರುಗಳು ಎದ್ದು ಬೇರೆ ಬೇರೆ ಜಾಗಕ್ಕೆ ಹೋದವು, ಅಂಕಗಳು ಕೂತಲ್ಲೇ ಕೂತವು. ಅದನ್ನು ಹಾಗೆಯೇ ಉಳಿಸಿ, ಇಂಪೋರ್ಟ್ ಮಾಡಿ, ಟೀ ಕುಡಿಯಲು ಹೋದೆ. ಮರುದಿನ ಮೇಡಂ ಲ್ಯಾಬಿಗೆ ಬಂದು ನನ್ನೆದುರು ಕೂತರು.

"ಕ್ಲಾಸಲ್ಲಿ ಒಬ್ಬ ಮಾತೇ ಆಡ್ತಿಲ್ಲ ಸರ್. ದಿನಾ ಬಾಯಿ ಮುಚ್ಚದವನು. ಏನಾಯ್ತು ಅಂತ ನೋಡಿದ್ರೆ ಅವನಿಗೆ ಐವತ್ತಕ್ಕೆ ನಲವತ್ತೆಂಟು ಬಂದಿದೆ. ಹೆದರಿಬಿಟ್ಟಿದಾನೆ."

ಮೂಲ ಫೈಲು ಉಳಿದಿರಲಿಲ್ಲ. ಪೆನ್‌ಡ್ರೈವಿನಲ್ಲಿದ್ದ ಒಂದೇ ಪ್ರತಿಯ ಮೇಲೆಯೇ ನಾನು ಕೈಯಾಡಿಸಿದ್ದೆ. ಉತ್ತರ ಪತ್ರಿಕೆಗಳನ್ನು ಆಗಲೇ ಮಕ್ಕಳಿಗೆ ಕೊಟ್ಟಾಗಿತ್ತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದರು.

"ಬರ್ಕೊಳ್ಳಿ. ಕಿಟಕಿ ಪಕ್ಕ, ಮೊದಲ್ನೇ ಬೆಂಚು. ನಲವತ್ತೊಂದು, ಮೂವತ್ತಾರು, ಮೂವತ್ತಾರೂವರೆ. ಎರಡನೇ ಬೆಂಚು. ಇಪ್ಪತ್ತೆಂಟು. ಅವಳ ಪಕ್ಕದವನು ಅವಳದ್ದೇ ನೋಡಿ ಬರೆದಿದಾನೆ, ಅವನಿಗೆ ಇಪ್ಪತ್ತೊಂಬತ್ತು."

ಹೀಗೆ ಅರವತ್ತೆರಡು ಜನರ ಅಂಕಗಳನ್ನು ಬೆಂಚು ಬೆಂಚಾಗಿ ಹೇಳಿ ಮುಗಿಸಿದರು. ಆಮೇಲೆ ಮಕ್ಕಳಿಂದ ಉತ್ತರ ಪತ್ರಿಕೆ ತರಿಸಿ ನಾನು ತಾಳೆ ನೋಡಿದೆ. ಒಂದೂ ತಪ್ಪಿರಲಿಲ್ಲ. ನಲವತ್ತೆಂಟರ ಹುಡುಗ ಏಳಕ್ಕೆ ಇಳಿದ ದಿನ ಅವನ ಮಾತು ವಾಪಸು ಬಂತು.

ನಗುತ್ತ ಬರೆಯುತ್ತಿದ್ದೇನೆ, ಆದರೆ ಮುಂದಿನದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಮರುವರ್ಷದ ಪಟ್ಟಿಯಲ್ಲಿ ಇಪ್ಪತ್ತೇಳನೆಯ ಸಾಲಿನಲ್ಲಿ, ಅಂಕ ಇರಬೇಕಾದ ಜಾಗದಲ್ಲಿ, 'ಬರ್ತಾಳೆ' ಎಂದಿತ್ತು. ಹೊಸನಗರದ ಆಚೆಯ ಹಳ್ಳಿಯ ಹುಡುಗಿ. ತಾಯಿ ಇಲ್ಲ, ಅಕ್ಕನ ಬಾಣಂತನಕ್ಕೆಂದು ಮನೆಯಲ್ಲಿ ನಿಂತವಳು ಎರಡು ತಿಂಗಳಾದರೂ ಕಾಲೇಜಿಗೆ ಮರಳಿರಲಿಲ್ಲ. ಫೈಲು ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಅಂಕ ಏರಿಸಲು ಅದೇ ಕೊನೆಯ ದಿನ ಬೇರೆ.

"ಗೈರುಹಾಜರಿ ಅಂತ ಹಾಕ್ಲಾ ಮೇಡಂ?"

"ಬೇಡ. ಹಾಕಿದ್ರೆ ಅವಳ ಮನೆಯವ್ರಿಗೆ ಅದೇ ಸಾಕಾಗುತ್ತೆ. ಹ್ಯಾಗೂ ಫೇಲು, ಇನ್ಯಾಕೆ ಹೋಗ್ತೀಯ ಅಂತಾರೆ."

"ಅವಳು ಬರ್ದೇ ಇದ್ರೆ?"

"ಬರ್ತಾಳೆ ಅಂತ ಬರ್ದಿದೀನಲ್ಲ."

ಅವರು ಕ್ಲಾಸಿಗೆ ಹೋದ ಮೇಲೆ ನಾನು ಆ ಸಾಲನ್ನೇ ಅಳಿಸಿದೆ. ಫೈಲು ಸಲೀಸಾಗಿ ಹೋಯಿತು. ಒಬ್ಬಳಿಗಾಗಿ ಉಳಿದವರದ್ದು ನಿಲ್ಲಬಾರದು ಎಂದು ಸಮಾಧಾನ ಮಾಡಿಕೊಂಡೆ. ಮೇಡಂಗೆ ಹೇಳಲಿಲ್ಲ.

ಭಾನುವಾರ ಅವರು ಬಸ್ಸು ಹಿಡಿದು ಆ ಹುಡುಗಿಯ ಊರಿಗೆ ಹೋಗಿದ್ದರು. ಅಕ್ಕನ ಗಂಡನೊಡನೆ ಏನು ಮಾತಾಡಿದರೋ ಗೊತ್ತಿಲ್ಲ. ಬುಧವಾರ ಹುಡುಗಿ ಕಾಲೇಜಿನಲ್ಲಿದ್ದಳು, ಗುರುವಾರ ಪರೀಕ್ಷೆ ಬರೆದಳು. ಶುಕ್ರವಾರ ಮೇಡಂ ಒಂದು ಚೀಟಿ ತಂದು ನನ್ನ ಮುಂದಿಟ್ಟರು. ಮೂವತ್ತನಾಲ್ಕು.

ನಾನು ಇದ್ದದ್ದನ್ನು ಹೇಳಿದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. "ಅಳ್ಸಿದ್ರಾ?" ಎಂದಷ್ಟೇ ಕೇಳಿ, ಚೀಟಿಯನ್ನು ಅಲ್ಲೇ ಬಿಟ್ಟು ಎದ್ದು ಹೋದರು.

ಅಂಕ ಏರಿಸುವ ಅವಧಿ ಮುಗಿದಿತ್ತು. ಸಾಲು ಅಳಿಸುವ ಬದಲು ಒಬ್ಬಳದು ಬಾಕಿ ಎಂದು ಮೊದಲೇ ತಿಳಿಸಿದ್ದರೆ ಆಮೇಲೂ ಸೇರಿಸಬಹುದಿತ್ತು. ತಪ್ಪು ನನ್ನದೆಂದು ಬರೆದುಕೊಟ್ಟೆ. ಪ್ರಿನ್ಸಿಪಾಲರು ಅದನ್ನು ಓದಿ, "ಇದು ನಿಮ್ಮ ಫೈಲಲ್ಲಿ ಉಳಿಯುತ್ತೆ, ಗೊತ್ತಲ್ಲ?" ಎಂದರು. ಉಳಿಯಲಿ ಎಂದೆ. ಹತ್ತು ದಿನ ಕಾದ ಮೇಲೆ ಒಂದು ಮಧ್ಯಾಹ್ನದ ಮಟ್ಟಿಗೆ ಅವಕಾಶ ಸಿಕ್ಕಿತು. ಒಂದೇ ಸಾಲಿನ ಫೈಲು. ಮೇಡಂ ನನ್ನ ಹಿಂದೆ ನಿಂತಿದ್ದರು. ಒಂದು ದಾಖಲೆ ಸೇರಿದೆ ಎಂದು ಪರದೆಯ ಮೇಲೆ ಮೂಡಿದಾಗ, "ಈಗ ಊಟ ಮಾಡಿ. ಹತ್ತು ದಿನದಿಂದ ಬಾಕ್ಸು ಹಾಗೇ ವಾಪಸು ತಗೊಂಡು ಹೋಗ್ತಿದೀರಿ" ಎಂದರು. ಹುಡುಗಿ ಆ ವರ್ಷ ಪಾಸಾದಳು.

ಅದಾದ ಮೇಲೂ ಎರಡು ವರ್ಷ ಅವರ ಫೈಲುಗಳು ಸುಧಾರಿಸಲಿಲ್ಲ. ಒಮ್ಮೆ ಅಂಕಿಗಳೆಲ್ಲ ಕನ್ನಡದಲ್ಲಿ. ಒಮ್ಮೆ ಇಡೀ ಕ್ಲಾಸಿನ ಅಂಕಗಳು ತಾರೀಕುಗಳಾಗಿ ಮಾರ್ಪಟ್ಟು, ಕನ್ನಡಕದ ಪೂರ್ಣಿಮಾಳಿಗೆ ಫೆಬ್ರವರಿ ಒಂಬತ್ತು ಬಂದಿತ್ತು. ಒಮ್ಮೆ ಪೆನ್‌ಡ್ರೈವ್ ಎಂದು ಕೊಟ್ಟದ್ದು ಮನೆಯ ಬೀಗದ ಕೈ. ಪ್ರತಿ ಸಲ ಊಟದ ಹೊತ್ತಿಗೆ ಡಬ್ಬಿ ಹಿಡಿದು ಬಂದು ಕೂರುವರು, ನಾನು ತಿದ್ದುವೆ, ಅವರು ಅಕ್ಕಿರೊಟ್ಟಿ ಮುರಿದು ನನ್ನ ಮುಚ್ಚಳಕ್ಕೆ ಹಾಕುವರು.

ಈಗ ಅವರ ಜಾಗಕ್ಕೆ ಬಂದವರು ಫೈಲನ್ನು ಅಚ್ಚುಕಟ್ಟಾಗಿ ಮೇಲ್ ಮಾಡುತ್ತಾರೆ. ಅವರ ಮುಖವನ್ನು ನಾನು ಸರಿಯಾಗಿ ನೋಡಿಲ್ಲ. ಮಧ್ಯಾಹ್ನ ಬಾಗಿಲು ಸದ್ದಾದರೆ ತಲೆ ಎತ್ತುತ್ತೇನೆ. ಗಾಳಿ ಇರುತ್ತದೆ, ಇಲ್ಲವೇ ಯಾರೋ ಪ್ರಿಂಟ್ ತೆಗೆಯಲು ಬಂದಿರುತ್ತಾರೆ.

ಕಳೆದ ತಿಂಗಳು ತಡೆಯಲಾಗದೆ, ಹಳೆಯ ಅಂಕಪಟ್ಟಿಗೆ ಅವರ ಸಹಿ ಬೇಕೆಂದು ಒಂದು ಸುಳ್ಳು ಹೊಸೆದು ಸಾಗರದ ಬಸ್ಸು ಹತ್ತಿದೆ. ಅವರ ಕಾಲೇಜು ಹುಡುಕಿಕೊಂಡು ಹೋದಾಗ ಮೇಡಂ ಕಂಪ್ಯೂಟರಿನ ಮುಂದೆ ಕೂತಿದ್ದರು. ಸುತ್ತ ಮೂವರು ಅಧ್ಯಾಪಕರು ನಿಂತಿದ್ದರು. "ಮೊದಲು ಪೂರ್ತಿ ಹಾಳೆ ಸೆಲೆಕ್ಟ್ ಮಾಡಿ. ಒಂದೇ ಕಾಲಂ ಸಾರ್ಟ್ ಮಾಡಿದ್ರೆ ಕೆಟ್ಟಿರಿ" ಎಂದು ಹೇಳಿಕೊಡುತ್ತಿದ್ದರು. ಫೈಲು ಮೊದಲ ಸಲಕ್ಕೇ ಹೋಯಿತು.

ಉಳಿದವರು ಹೋದ ಮೇಲೆ ಕೇಳಿದೆ. "ನಿಮಗಿದು ಯಾವಾಗಿಂದ ಬರುತ್ತೆ ಮೇಡಂ?"

"ಆ ಹುಡುಗಿ ಗಲಾಟೆ ಆಯ್ತಲ್ಲ, ಆಗ್ಲೇ ಕಲ್ತೆ. ಇನ್ನೊಬ್ರ ಕೈಗೆ ಬಿಡೋದು ಬೇಡ ಅಂತ."

"ಮತ್ತೆ ಎರಡು ವರ್ಷ ನನ್ನ ಹತ್ರ ಆ ಫೈಲು ತರ್ತಾ ಇದ್ರಲ್ಲ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು ಕೆಲಸಕ್ಕೆ ಸೇರಿದಾಗ ತಲೇಲಿ ಅರ್ಧ ಇಂಚು ಕೂದ್ಲಿತ್ತು. ಮನೇಲಿ ಯಾರು ಹೋದ್ರು ಅಂತ ಕೇಳೋಕೆ ನನಗೆ ಬಾಯಿ ಬರ್ಲಿಲ್ಲ. ಸ್ಟಾಫ್ ರೂಮಿಗೂ ಬರ್ತಿರ್ಲಿಲ್ಲ ನೀವು. ಸುಮ್ನೆ ಬಂದು ಎದುರು ಕೂತ್ರೆ ನಿಮಗೂ ಮುಜುಗರ, ನನಗೂ ಮುಜುಗರ. ಏನಾದ್ರೂ ಕೆಲಸ ಬೇಕಿತ್ತಲ್ಲ ಮಾರಾಯ್ರೆ."

"ಅಮ್ಮ" ಎಂದೆ. ಮಲೆನಾಡಿಗೆ ಬಂದು ಇಷ್ಟು ವರ್ಷಗಳಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಬೆಲ್ಲು ಹೊಡೆಯಿತು. ಮೇಡಂ ಎದ್ದರು. ಬಾಗಿಲವರೆಗೆ ಹೋಗಿ, ಆ ದಾರಿಯಲ್ಲಿ ಹೋಗುತ್ತಿದ್ದವರೊಬ್ಬರನ್ನು ಕರೆದು, ತಮ್ಮ ಕ್ಲಾಸು ನೋಡಿಕೊಳ್ಳುವಂತೆ ಹೇಳಿದರು. ಆಮೇಲೆ ವಾಪಸು ಬಂದು, ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಕೂತರು.

"ಹೇಳಿ" ಎಂದರು.