ಮುಯ್ಯಿಗೆ ಬಂದ ಪದ್ಯಗಳು

ನಮ್ಮ ಸೋದರಮಾವನನ್ನು ಕಂಡರೆ ಹೊಳೆನರಸೀಪುರದ ಅರ್ಧ ಜನ ರಸ್ತೆ ದಾಟಿಬಿಡುತ್ತಾರೆ. ರೌಡಿಯಲ್ಲ ಸ್ವಾಮಿ, ಕವಿ! ಸಾಲದ್ದಕ್ಕೆ ಬಸ್‌ಸ್ಟ್ಯಾಂಡ್ ಎದುರಿಗೇ ಪುಸ್ತಕದಂಗಡಿ ಇಟ್ಟಿದ್ದಾನೆ. ತಪ್ಪಿಸಿಕೊಳ್ಳುವುದಾದರೂ ಹೇಗೆ?

ಈ ಮೊಬೈಲ್ ಕಾಲದಲ್ಲಿ ಪುಸ್ತಕ ಯಾರು ಕೊಳ್ಳುತ್ತಾರೆ? ಅಂಗಡಿ ನಡೆಯುತ್ತಿರುವುದು ಜೆರಾಕ್ಸ್ ಮೆಷೀನಿನ ದಯೆಯಿಂದ. ಆದರೆ ಜೆರಾಕ್ಸಿಗೆ ಬಂದವರು ಮೊದಲು ಒಂದು ಪದ್ಯ ಕೇಳಬೇಕು. ಆಮೇಲೇ ಮಾವ ಸ್ವಿಚ್ ಒತ್ತುವುದು. ಒಮ್ಮೆ ಅರಕಲಗೂಡು ಬಸ್ಸಿನ ಆತುರದಲ್ಲಿದ್ದ ಯಜಮಾನರೊಬ್ಬರು, "ಸಾ, ನಾಳೆ ಬಂದು ಎರಡು ಪದ್ಯ ಕೇಳ್ತೀನಿ, ಈಗ ಆಧಾರ್ ಕಾರ್ಡ್ ಕೊಟ್ಬುಡಿ" ಎಂದು ಕೈಮುಗಿದರು. ಮಾವ ಬಿಟ್ಟಾನೆಯೇ? ಬಸ್ಸು ಹೋಯಿತು. ಮುಂದಿನ ಬಸ್ಸು ಬರುವವರೆಗೆ ಅವರು ಇನ್ನೂ ಆರು ಪದ್ಯ ಕೇಳಿದರು, ಪಾಪ!

ಕವನ ಸಂಕಲನ ಅಚ್ಚಾದದ್ದು ಇನ್ನೊಂದು ಕಥೆ. ಒಂದು ಅಲ್ಪವಿರಾಮ ಬಿಟ್ಟುಹೋಯಿತೆಂದು ಪ್ರೆಸ್ಸಿನವನ ಜೊತೆ ವಾರವಿಡೀ ಜಗಳವಾಡಿದ. ಆಮೇಲೆ ಹಾಸನದಿಂದ ಚನ್ನರಾಯಪಟ್ಟಣದವರೆಗೆ ಯಾವ ನೆಂಟರ ಮದುವೆಯಾದರೂ ಮಾವನ ಮುಯ್ಯಿ ಆ ಪುಸ್ತಕವೇ, ಬಣ್ಣದ ಕಾಗದ ಸುತ್ತಿ!

"ಒಂದು ಸ್ಟೀಲ್ ತಟ್ಟೆನಾದ್ರೂ ಕೊಡಿ, ಮಾನ ಓಯ್ತದೆ" ಎಂದು ಅತ್ತೆ ಗೋಗರೆಯುವಳು.

"ತಟ್ಟೇಲಿ ಉಂಡು ಮರ್ತುಬುಡ್ತಾರೆ ಕಣೆ. ಪದ್ಯ ಅಂಗಲ್ಲ!"

ಮುಯ್ಯಿ ಎಂದರೆ ತಿರುಗಿಸಬೇಕಲ್ಲವೇ? ನಮ್ಮ ನೆಂಟರು ಅದರಲ್ಲಿ ಬಲು ಕಟ್ಟುನಿಟ್ಟು. ಹೋದ ವರ್ಷ ಮಾವನ ಮಗಳ ಮದುವೆಯಲ್ಲಿ ಎಲ್ಲರೂ ತಿರುಗಿಸಿದರು, ಅದೇ ಪುಸ್ತಕವನ್ನು! ಎಷ್ಟೋ ಜನ ಕಾಗದವನ್ನೂ ಬಿಚ್ಚಿರಲಿಲ್ಲ. ರಾಶಿ ನೋಡಿದ ಬೀಗರು, "ಏನ್ರೀ, ಪುಸ್ತಕ ಬಿಡುಗಡೆನೂ ಇಲ್ಲೇ ಇಟ್ಕಂಡಿದ್ದೀರಾ?" ಎಂದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮಾವ ನಗಲಿಲ್ಲ. ಮಾರನೆಯ ದಿನ ಒಂದೊಂದನ್ನೇ ಬಿಚ್ಚಿ ನೋಡಿದ. ಎಲ್ಲವೂ ಹೊಚ್ಚಹೊಸವು.

"ಒಬ್ರೂ ಓದಿಲ್ಲ ಕಣ್ಲಾ. ಇನ್ನು ನಾನು ಬರೆಯಾಕಿಲ್ಲ."

ಮನೆಯವರಿಗೆ ಒಳಗೊಳಗೇ ಹಬ್ಬ! ಅಷ್ಟರಲ್ಲಿ ಮಾವನಿಗೆ ಹರದನಹಳ್ಳಿಯಲ್ಲಿರುವ ಅವನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ನೆನಪಾದಳು. ಅವಳೊಬ್ಬಳೇ ಪುಸ್ತಕ ತಿರುಗಿಸದೆ ಹಿತ್ತಾಳೆ ಚೊಂಬು ಕೊಟ್ಟಿದ್ದಳು. "ರದ್ದಿಗೆ ಆಕಿರ್ತಾಳೆ, ನಡೀಲಾ ಕೇಳಾನ" ಎಂದು ನನ್ನ ಸ್ಕೂಟರ್ ಹತ್ತಿದ.

ದೊಡ್ಡಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯಲು ಕೂತಿದ್ದಳು.

"ನನ್ನ ಪುಸ್ತಕ ಎಲ್ಲಕ್ಕಾ?"

"ಕೊಡಾಕಿಲ್ಲ ಓಗ್ಲಾ! ಅದ್ಕೇ ಅಲ್ವಾ ಚೊಂಬು ಕೊಟ್ಟಿದ್ದು? ಅದ್ರಾಗಿನ ಪದ ಯೋಳ್ದೇ ಇದ್ರೆ ಈ ಹಸ ಹಾಲೇ ಇಳಿಸಾಕಿಲ್ಲ" ಎಂದವಳೇ ಹಾಡತೊಡಗಿದಳು:

"ಬಾಗಿಲಿಗೆ ಬಂದ ಬಿಸಿಲಿಗೆ ಮಣೆ ಹಾಕಿದೆ,
ಕೂತು ಹೋಗು, ಅವಸರವೇನು?
ಅವ್ವ ಇದ್ದಾಗ ದಿನಾ ಕೂರುತ್ತಿದ್ದೆಯಲ್ಲ."

ಕೇಳಿ ಕೇಳಿ ನನಗೂ ಬಾಯಿಪಾಠವಾಗಿದ್ದ ಪದ್ಯ. "ದೊಡ್ಡಮ್ಮ, ಅದು ಬಿಸಿಲಲ್ಲ, ಹೊಂಗಿರಣ" ಎಂದೆ, ಇನ್ನು ಜಗಳ ಗ್ಯಾರಂಟಿ ಎಂದುಕೊಂಡು.

"ನೀ ಸುಮ್ಕಿರ್ಲಾ. ಅಕ್ಕ ಯೋಳಿದ್ದೇ ಸರಿ" ಎಂದ ಮಾವ. ಅವನ ಕಣ್ಣು ತುಂಬಿತ್ತು.

ವಾಪಸು ಬರುವಾಗ ಹಿಂದಿನ ಸೀಟಿನಲ್ಲೇ ಹೊಸ ಪದ್ಯ ಶುರುವಾಯಿತು. ಕಾಗದ ಬಿಚ್ಚದೆ ಪುಸ್ತಕ ತಿರುಗಿಸಿದವರಲ್ಲಿ ನಾನೂ ಒಬ್ಬ. ಗಾಳಿಗೆ ಒಂದು ಮಾತೂ ತಪ್ಪಿಹೋಗದಿರಲಿ ಎಂದು ಗಾಡಿ ನಿಧಾನ ಮಾಡಿದೆ.