ಫ್ರಿಜ್ಜಿನ ಬೆನ್ನಿನಿಂದ ಸ್ಕೀ ಕಾರ್ಖಾನೆಗೆ ಬಡ್ತಿ ಪಡೆದ ಕಂಪ್ರೆಸರ್ ಅವರಿಗೆ

ಟ್ರಾಯ್, ಮಿಷಿಗನ್
ಮಾರ್ಚ್ ೧೯೭೫

ಮಾನ್ಯ ಕಂಪ್ರೆಸರ್ ಅವರೇ,

ನಮ್ಮ ಬೇಸ್‌ಮೆಂಟಿನ ಮೂಲೆಯಲ್ಲಿ ಮರದ ಪೀಠದ ಮೇಲೆ ವಿರಾಜಮಾನರಾಗಿ ಹಗಲೆಲ್ಲ ಗುರುಗುಟ್ಟುತ್ತಿರುವ ತಮ್ಮ ಸನ್ನಿಧಾನಕ್ಕೆ, ಅದೇ ಮನೆಯ ಮೇಲ್ಭಾಗದಲ್ಲಿ ವಾಸಿಸುವ ಡಾಕ್ಟರ್ ಪ್ರಭಾ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂಬುದು ತಮ್ಮ ಸದ್ದಿನಿಂದಲೇ ತಿಳಿಯುತ್ತಿದೆ. ನಮ್ಮ ಕ್ಷೇಮದ ವಿಚಾರ ಮುಂದೆ ಬರುತ್ತದೆ.

ಈ ಚಳಿಗಾಲದವರೆಗೆ ತಾವು ನಮ್ಮ ಎರಡನೇ ಫ್ರಿಜ್ಜಿನ ಬೆನ್ನಿಗೆ ಅಂಟಿಕೊಂಡು ನನ್ನ ದೋಸೆಹಿಟ್ಟನ್ನು ಕಾಯುತ್ತಿದ್ದಿರಿ. ನವೆಂಬರಿನಲ್ಲಿ ನನ್ನ ಯಜಮಾನರಾದ ಬದರೀನಾಥರನ್ನು ಕಾರಿನ ಬಿಡಿಭಾಗ ಮಾಡುವ ಅವರ ಕಂಪನಿ ಲೇ-ಆಫ್ ಮಾಡಿತು. ಈ ಸಂಗತಿಯನ್ನು ಅವರು ನನಗೆ ಹೇಳಿದರು, ಮಗಳು ಇಂದುವಿಗೆ ಹೇಳಿದರು. ಇಲ್ಲಿನ ಬೇರೆ ಕನ್ನಡಿಗರಿಗೆ ತಿಳಿಯಬಾರದೆಂದು ಎಲ್ಲರೂ ಒಂದೊಂದು ಅಡುಗೆ ತರುವ ಸಂಕ್ರಾಂತಿಯ ಪಾಟ್‌ಲಕ್ ಊಟಕ್ಕೂ ಬರಲಿಲ್ಲ. ನಾನು ಆಸ್ಪತ್ರೆಗೆ, ಮಗಳು ಸ್ಕೂಲಿಗೆ ಹೋದಾಗ ಟೈ ಕಟ್ಟಿಕೊಂಡು ಡೈನಿಂಗ್ ಟೇಬಲ್ಲಿನ ಮುಂದೆ ಕೂತವರು, ನಾವು ಮರಳಿ ಬಂದಾಗಲೂ ಅಲ್ಲೇ ಕೂತಿರುತ್ತಿದ್ದರು.

ಹೀಗಿರುವಾಗ, ಆನ್ ಆರ್ಬರಿನಲ್ಲಿ ವಿಮಾನದ ರೆಕ್ಕೆಗಳ ಮೇಲೆ ಸಂಶೋಧನೆ ಮಾಡುವ ನಮ್ಮ ಸ್ನೇಹಿತ ಶೇಷಗಿರಿ ಇದೇನನ್ನೂ ಅರಿಯದೆ ಊಟಕ್ಕೆ ಬಂದರು. ಮರದ ಪಟ್ಟಿಗೆ ಫೈಬರ್‌ಗ್ಲಾಸ್ ಬಟ್ಟೆ ಹೊದಿಸಿ, ಅಂಟು ಬಳಿದು, ಪ್ಲಾಸ್ಟಿಕ್ ಚೀಲದೊಳಗಿಟ್ಟು ಗಾಳಿ ಹೀರಿಬಿಟ್ಟರೆ ಹೊರಗಿನ ವಾತಾವರಣವೇ ಒತ್ತಿ ಒತ್ತಿ ಎಲ್ಲವನ್ನೂ ಒಂದು ಮಾಡುತ್ತದೆಂದೂ, ಹಿಮದ ಮೇಲೆ ಜಾರುವ ಸ್ಕೀಗಳನ್ನು ಹೀಗೆ ಮನೆಯಲ್ಲೇ ಮಾಡಬಹುದೆಂದೂ ಹೇಳಿ, ಎರಡು ಸಲ ಸಾರು ಹಾಕಿಸಿಕೊಂಡು ಹೊರಟುಹೋದರು. ಮರುದಿನ ನಾನು ಮನೆಗೆ ಬರುವಷ್ಟರಲ್ಲಿ ತಮಗೆ ಬಡ್ತಿಯಾಗಿತ್ತು. ಗಾಳಿ ಹೀರುವ ಹುದ್ದೆ. ದೋಸೆಹಿಟ್ಟು ಹಿತ್ತಲಿನ ಹಿಮದಲ್ಲಿ ಕಲ್ಲಾಗಿತ್ತು.

ತಮ್ಮ ಸೇವಾನಿಷ್ಠೆಯನ್ನು ಹೊಗಳಲು ಮಾತು ಸಾಲದು. ತಮ್ಮ ಕೃಪೆಯಿಂದ ಮನೆಯೆಲ್ಲ ಅಂಟಿನ ವಾಸನೆ ತುಂಬಿ, ಗ್ಯಾಸ್ ಸೋರುತ್ತಿದೆಯೆಂದು ಪಕ್ಕದ ಮನೆಯಾಕೆ ಬಂದು ಬಾಗಿಲು ತಟ್ಟಿದರು. ಚೀಲದ ಅಂಚು ಸುಯ್‌ಗುಟ್ಟಿದಾಗ ಮೆತ್ತಲು ಬೇರೇನೂ ಸಿಗದೆ ನನ್ನ ಚಪಾತಿ ಹಿಟ್ಟು ಅಲ್ಲಿಗೆ ಹೋಯಿತು, ನಾವು ಬ್ರೆಡ್ ತಿಂದೆವು. ಮೊದಲ ಜೋಡಿ ಸ್ಕೀ ಅಚ್ಚಿಗೇ ಅಂಟಿಕೊಂಡು ಗರಗಸದ ಪಾಲಾಯಿತು. ಎರಡನೆಯದರ ಒಂದು ಮೂತಿ ಷಿಕಾಗೋ ಕಡೆಗೆ, ಇನ್ನೊಂದು ಕೆನಡಾ ಕಡೆಗೆ. ಹೀರುವುದರಲ್ಲಿ ಇಷ್ಟು ನಿಪುಣರಾದ ತಾವು, ಹೈವೇಯ ಮೇಲಿನ ಹಿಮವನ್ನೂ, ಬದರಿಗೆ ಪ್ರಮೋಷನ್ ಯಾವಾಗ ಎಂದು ಪ್ರತಿ ಭಾನುವಾರ ಫೋನಿನಲ್ಲಿ ವಿಚಾರಿಸುವ ರೇಣು ಆಂಟಿಯವರ ಕುತೂಹಲವನ್ನೂ ಒಂದಿಷ್ಟು ಹೀರಿಕೊಡಬೇಕೆಂದು ಪ್ರಾರ್ಥನೆ.

ಆದರೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಆ ದಿನಗಳಲ್ಲಿ ನಮ್ಮವರು ಟೈ ಕಟ್ಟುವುದನ್ನು ಬಿಟ್ಟರು. ನಾನು ಬಾಗಿಲು ತೆರೆದೊಡನೆ ಕೆಳಗಿನಿಂದ ಕರೆಯುತ್ತಿದ್ದರು. ಕೋಟನ್ನೂ ಬಿಚ್ಚದೆ ಇಳಿದುಹೋಗಿ, ಚೀಲಕ್ಕೆ ಸ್ಟೆತಾಸ್ಕೋಪ್ ಇಟ್ಟು ಗಾಳಿ ಎಲ್ಲಿ ನುಸುಳುತ್ತಿದೆಯೆಂದು ನಾನು ತೋರಿಸಿಕೊಟ್ಟದ್ದೂ ಉಂಟು.

ಮೂರನೇ ಜೋಡಿ ನೆಟ್ಟಗೆ ಬಂತು. ಶೇಷಗಿರಿಯವರನ್ನೂ ಕರೆದುಕೊಂಡು ಗುಡ್ಡಕ್ಕೆ ಹೋದೆವು. ಮಿಷಿಗನ್ನಿನವರು ಗುಡ್ಡವೆನ್ನುವುದನ್ನು ಮೈಸೂರಿನವಳಾದ ನಾನು ದಿಬ್ಬವೆನ್ನುತ್ತೇನೆ. ಅದರ ನೆತ್ತಿಯಿಂದ ಹೊರಟ ನಮ್ಮವರು, ತಿರುಗುವುದನ್ನಾಗಲಿ ನಿಲ್ಲುವುದನ್ನಾಗಲಿ ಇನ್ನೂ ಕಲಿತಿರಲಿಲ್ಲವಾದ್ದರಿಂದ, ಸೀದಾ ಬಂದು, ಜಾರುವವರನ್ನು ತಡೆಯಲೆಂದು ಕೆಳಗೆ ಒಟ್ಟಿದ್ದ ಒಣಹುಲ್ಲಿನ ಪೆಂಡಿಗಳಿಗೆ ನುಗ್ಗಿದರು. ನಾವು ಓಡಿ ಹೋದಾಗ ಮೊಣಕಾಲನ್ನು ಬಿಟ್ಟು ಸ್ಕೀಗಳನ್ನು ತಡವಿ ನೋಡುತ್ತಿದ್ದರು. ಒಂದು ಪದರವೂ ಬಿಟ್ಟುಕೊಂಡಿರಲಿಲ್ಲ. ಆಫೀಸಿಗೂ ಹೋಗಿಕೊಂಡು ಇದಕ್ಕೆಲ್ಲ ಹೇಗೆ ಟೈಮ್ ಮಾಡಿಕೊಂಡಿರೆಂದು ಶೇಷಗಿರಿ ಬೆರಗಾಗಿ ಕೇಳಿದರು. ನಾನು ಮಾತು ತೇಲಿಸಲು ಬಾಯಿ ತೆರೆಯುವ ಮೊದಲೇ ನಮ್ಮವರು ಹುಲ್ಲಿನ ನಡುವೆ ಕೂತಲ್ಲಿಂದಲೇ ಹೇಳಿಬಿಟ್ಟರು:

"ಆಫೀಸಿಲ್ಲ ಶೇಷಗಿರಿ. ನವೆಂಬರಿನಲ್ಲೇ ಕೆಲಸ ಹೋಯ್ತು."

ಶೇಷಗಿರಿ ಕೈ ನೀಡಿ ಅವರನ್ನು ಎಬ್ಬಿಸಿದರು. ಆಮೇಲೆ ಇಬ್ಬರೂ ಅಂಟಿನ ವಿಷಯ ಮಾತಾಡುತ್ತ ಮತ್ತೆ ದಿಬ್ಬ ಹತ್ತಿದರು. ಮಗಳು ಇಂದು ನನ್ನ ಕೈ ಹಿಡಿದುಕೊಂಡು, "ಹೀ ಟೋಲ್ಡ್ ಹಿಮ್, ಅಮ್ಮಾ," ಎಂದಳು.

ಆದ್ದರಿಂದ, ನಾನು ತಮ್ಮ ಮೇಲೆ ಹೂಡಬೇಕೆಂದಿದ್ದ ದಾವೆಯನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ದೋಸೆಹಿಟ್ಟಿನ ಮಟ್ಟಿಗೆ ಮಾತ್ರ ಅದು ಜಾರಿಯಲ್ಲಿದೆ.

ಒಂದೇ ಫ್ರಿಜ್ಜಿನಲ್ಲಿ ಸಂಸಾರ ನಡೆಸುತ್ತಿರುವ
ತಮ್ಮ ವಿಶ್ವಾಸಿ,
ಪ್ರಭಾ ಬದರೀನಾಥ

ತಾ.ಕ.: ಸೋಮವಾರದಿಂದ ಕೆಲಸಕ್ಕೆ ಬನ್ನಿರೆಂದು ನಿನ್ನೆ ಬೇರೊಂದು ಕಂಪನಿಯವರು ಫೋನ್ ಮಾಡಿದ್ದರು. ಅಂಟು ಗಟ್ಟಿಯಾಗದೆ ಬರಲಾಗದು, ಬುಧವಾರ ಬರುತ್ತೇನೆ ಎಂದು ನಮ್ಮವರು ತಿಳಿಸಿದ್ದಾರೆ. ಈಗ ತಮ್ಮ ಚೀಲದಲ್ಲಿರುವ ಜೋಡಿ ಸ್ವಲ್ಪ ಗಿಡ್ಡವಾಗಿದ್ದು, ನನ್ನ ಎತ್ತರಕ್ಕೆ ಸರಿಹೊಂದುವಂತಿದೆ. ಇಷ್ಟು ದಿನ ಒಮ್ಮೆಯೂ ಕೈಕೊಡದ ತಾವು, ದಯವಿಟ್ಟು ಇವತ್ತೊಂದು ದಿನ ಕೆಟ್ಟುಹೋಗಬೇಕು.